ಬ್ರೀಜ್ ಒಳಗಿದ್ದಾಳೆಯೇ?

ಕಳೆದ ಜುಲೈನಲ್ಲಿ ಮಗಳ ಮನೆಗೆಂದು ನೈರೋಬಿಗೆ ಹೋಗಿದ್ದೆ. ಒಂದು ಬೆಳಿಗ್ಗೆ ಕಿಲಿಮಾನಿಯ ಅವಳ ಫ್ಲ್ಯಾಟಿನಿಂದ ಹರ್ಲಿಂಗ್‌ಹ್ಯಾಮ್ ಕಡೆಗೆ ಔಷಧಿ ತರಲು ನಡೆದು ಹೊರಟೆ. ಮಳೆಯೆಂದು ಕರೆಯಲಾಗದ, ಮಂಜೆಂದೂ ಹೇಳಲಾಗದ ಒಂದು ತಣ್ಣನೆಯ ತೇವ ಗಾಳಿಯಲ್ಲಿ ನೇತಾಡುತ್ತಿತ್ತು. ಯಾವುದೋ ಕಾಂಪೌಂಡಿನ ಮುಂದೆ ಮಾಲಿಯೊಬ್ಬ ಸೈಪ್ರೆಸ್ ಬೇಲಿಯನ್ನು ಕತ್ತರಿಸಿ ಹಾಕುತ್ತಿದ್ದ. ಕರ್ಪೂರಕ್ಕೂ ಟರ್ಪೆಂಟೈನಿಗೂ ನಡುವಿನ ಆ ಒದ್ದೆ ಘಾಟು ಮೂಗಿಗೆ ಬಡಿದದ್ದೇ ನನ್ನ ಕಾಲುಗಳು ಅಲ್ಲೇ ನಿಂತವು. ಯಾರೂ ನನ್ನನ್ನು ಕರೆದಿರಲಿಲ್ಲ. ಆದರೂ ಯಾರಾದರೂ ಕರೆಯುತ್ತಾರೇನೋ ಎಂದು ಒಂದು ಗಳಿಗೆ ಕಿವಿಗೊಟ್ಟು ನಿಂತೆ. ಮಾಲಿ ಕತ್ತರಿ ನಿಲ್ಲಿಸಿ, "ಮಾಮಾ, ಸವಾ?" ಎಂದು ಕೇಳಿದ: ಅಮ್ಮ, ಸರಿಯಿದ್ದೀರಾ ಎಂದು, ಸ್ವಾಹಿಲಿಯಲ್ಲಿ. "ಸವಾ, ಸವಾ" ಎಂದು ಮುಂದೆ ನಡೆದೆ. ಆದರೆ ಆ ದಿನವಿಡೀ ನನಗೆ ಸರಿಯಿರಲಿಲ್ಲ.

ಅಂಥದೇ ಬೇಲಿಯ ಹಿಂದೆ, ಅದೇ ಓಣಿಗಳ ನಡುವೆ, ವಯಸ್ಸಾದ ಸನ್ಯಾಸಿನಿಯರಿಗಾಗಿ ಒಂದು ಕಾನ್ವೆಂಟ್ ಮನೆಯಿತ್ತು. ಈಗ ಅಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ. ನಾನು ಐರಿಶ್ ಭಾಷೆ ಕಲಿತದ್ದು ಆ ಮನೆಯ ದೆಸೆಯಿಂದ. ಮೈಸೂರಿನ ಅಗ್ರಹಾರದಲ್ಲಿ ಹುಟ್ಟಿದವಳು ನಡುವಯಸ್ಸಿನಲ್ಲಿ ಆಫ್ರಿಕದಲ್ಲಿ ಕುಳಿತು ಐರಿಶ್ ಕಲಿತೆ ಎಂದರೆ ಜನ ನಗುತ್ತಾರೆ. ಅದಕ್ಕೇ ಹೆಚ್ಚು ಜನಕ್ಕೆ ಹೇಳಿಲ್ಲ. ಹೇಳದಿರಲು ಬೇರೆ ಕಾರಣವೂ ಇದೆ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನ್ನ ಗಂಡ ರಂಗನಾಥ್ ಯೂನಿವರ್ಸಿಟಿಯಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದರು. ಮಗಳು ಚೈತ್ರಾ ಶಾಲೆಯಲ್ಲಿದ್ದಳು; ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ನಾನು ಹರ್ಲಿಂಗ್‌ಹ್ಯಾಮಿನ ಒಂದು ಕ್ಲಿನಿಕ್ಕಿನಲ್ಲಿ ಕೆಲಸಕ್ಕಿದ್ದೆ. ಪಾರ್ಶ್ವವಾಯು ಬಡಿದು ಮಾತು ಕಳೆದುಕೊಂಡವರಿಗೆ ಮತ್ತೆ ಮಾತು ಕಲಿಸುವುದು, ನುಂಗುವುದು ಕಲಿಸುವುದು ನನ್ನ ಕಸುಬು. ಭೂಮಧ್ಯರೇಖೆಯ ಊರಿನಲ್ಲಿ ಚಳಿಯೇ ಎಂದು ಊರಿನವರು ಕಾಗದದಲ್ಲಿ ಗೇಲಿ ಮಾಡುತ್ತಿದ್ದರು. ಆದರೆ ಜೂನ್ ಬಂದರೆ ನೈರೋಬಿಯ ಆಕಾಶ ಬೂದಿ ಬಣ್ಣದ ಕಂಬಳಿಯಂತೆ ಮನೆಗಳ ಮೇಲೆ ಇಳಿದು ಆಗಸ್ಟ್ ಮುಗಿಯುವವರೆಗೆ ಏಳುತ್ತಿರಲಿಲ್ಲ. ಮಧ್ಯಾಹ್ನವೇ ದೀಪ ಹಾಕಬೇಕಾಗುತ್ತಿತ್ತು. ಎಲ್ಲರ ಮನೆಯಲ್ಲೂ ಇದ್ದಿಲ ಒಲೆಯ ಹೊಗೆ.

ಅಂಥ ಒಂದು ಜೂನ್ ದಿನ ಸಿಸ್ಟರ್ ಬೆನೆಡಿಕ್ಟಾ ಕ್ಲಿನಿಕ್ಕಿಗೆ ಬಂದರು. ಮಂಗಳೂರಿನ ಕಡೆಯವರು, ಆ ಕಾನ್ವೆಂಟ್ ಮನೆಯಲ್ಲಿ ನರ್ಸ್. ನನ್ನ ಹೆಸರಿನ ಫಲಕ ನೋಡಿದ್ದೇ ಕನ್ನಡಕ್ಕೆ ಇಳಿದರು.

"ಸುಮಿತ್ರಾ ಅಲ್ವಾ ನೀವು? ನಮ್ಮಲ್ಲಿ ಒಬ್ರು ಸಿಸ್ಟರ್ ಇದ್ದಾರೆ, ಕೊಲಂಬಾ ಅಂತ. ಐರ್ಲೆಂಡಿನವರು. ಇಲ್ಲಿಗೆ ಬಂದು ಐವತ್ತು ವರ್ಷದ ಮೇಲಾಯ್ತು. ಈಸ್ಟರ್ ಕಳ್ದ ಮೇಲೆ ಸ್ಟ್ರೋಕ್ ಆಯ್ತು. ಈಗ ಬಾಯಲ್ಲಿ ಎಂತದೋ ಬರ್ತದೆ. ಇಂಗ್ಲಿಷ್ ಅಲ್ಲ, ಸ್ವಾಹಿಲಿ ಅಲ್ಲ. ಡಾಕ್ಟ್ರು ಅದು ಬರೀ ತೊದಲು ಅಂತಾರೆ. ನಂಗೆ ಹಾಗೆ ಕಾಣುದಿಲ್ಲ. ಒಮ್ಮೆ ಬಂದು ಕೇಳಿ ಮಾರಾಯ್ರೆ. ಆ ಕೋಣೆಗೆ ಹೋಗ್ಲಿಕ್ಕೆ ನಮ್ಮವರು ಈಗ ಹೆದರ್ತಾರೆ."

"ಹೆದರೋದು ಯಾಕೆ?"

ಅವರು ಕೊರಳಿನ ಶಿಲುಬೆಯನ್ನು ಮುಟ್ಟಿಕೊಂಡು, "ನೀವೇ ಕೇಳಿ" ಎಂದರು.

ಹೋದೆ. ಸೈಪ್ರೆಸ್ ಬೇಲಿಯ ಒಳಗೆ ಉದ್ದನೆಯ ಕಲ್ಲಿನ ಕಟ್ಟಡ, ಕೆಂಪು ಹೊಳಪಿನ ನೆಲ, ಕೊನೆಯ ಕೋಣೆ. ಸಿಸ್ಟರ್ ಕೊಲಂಬಾ ದಿಂಬಿಗೆ ಒರಗಿ ಕುಳಿತಿದ್ದರು. ಬಲಗೈ ಬಿದ್ದುಹೋಗಿತ್ತು. ಎಡಗೈಯನ್ನು ಮೆತ್ತನೆಯ ಬಿಳಿ ಬಟ್ಟೆಯಿಂದ ಮಂಚದ ಸರಳಿಗೆ ಕಟ್ಟಿದ್ದರು. ಸಂಜೆಯಾಗುತ್ತಿದ್ದಂತೆ ಎದ್ದು ಬಾಗಿಲಿಗೆ ಹೋಗಲು ನೋಡುತ್ತಾರೆ, ಎರಡು ಸಲ ಬಿದ್ದು ಹಣೆ ಒಡೆದುಕೊಂಡಿದ್ದಾರೆ ಎಂದು ಬೆನೆಡಿಕ್ಟಾ ಹೇಳಿದರು. ಊಟ ಸೇರುತ್ತಿಲ್ಲ. ಸೊಂಟದ ಮೂಳೆ ಬಟ್ಟೆಯ ಮೇಲೇ ಕಾಣುತ್ತಿತ್ತು. ಹೀಗೇ ಆದರೆ ಮುಂದಿನ ತಿಂಗಳಿಗೆ ಉಳಿಯುವುದಿಲ್ಲ ಎಂದು ನನಗೆ ನೋಡಿದ ಕೂಡಲೇ ಅನ್ನಿಸಿತು.

ಹೊರಗೆ ಬೆಳಕು ಇಳಿಯತೊಡಗಿದಾಗ ಅವರ ತಲೆ ಬಾಗಿಲ ಕಡೆ ತಿರುಗಿತು. ಬಾಯಿಂದ ಒಂದು ವಾಕ್ಯ ಬಂತು, ಕೊನೆಯಲ್ಲಿ ಏರುವ ವಾಕ್ಯ. ಸ್ವಲ್ಪ ಮೌನ. ಆಮೇಲೆ ಇನ್ನೊಂದು ಚಿಕ್ಕ ವಾಕ್ಯ. ಮತ್ತೆ ಮೊದಲಿನದೇ ಏರುವ ವಾಕ್ಯ, ಸ್ವಲ್ಪ ಜೋರಾಗಿ. ಮತ್ತೆ ಮೌನ, ಮತ್ತೆ ಆ ಚಿಕ್ಕ ಉತ್ತರ.

ತೊದಲಿಗೂ ಭಾಷೆಗೂ ವ್ಯತ್ಯಾಸ ಹೇಳುವುದು ನನ್ನ ಓದಿನ ಮೊದಲ ಪಾಠ. ಇದು ತೊದಲಲ್ಲ. ಆದರೆ ನಾನು ಬೆಚ್ಚಿದ್ದು ಅದಕ್ಕಲ್ಲ. ಪಾರ್ಶ್ವವಾಯು ಬಡಿದವರ ದನಿ ಹೆಚ್ಚಾಗಿ ಒಂದೇ ಮಟ್ಟದಲ್ಲಿ ಚಪ್ಪಟೆಯಾಗಿರುತ್ತದೆ. ಇಲ್ಲಿ ಪ್ರಶ್ನೆ ಕೇಳಿದ ದನಿ ಗಟ್ಟಿಮುಟ್ಟಾದ ಒಬ್ಬ ಹೆಂಗಸಿನದು. ಅಡುಗೆ ಮಾಡುತ್ತ ಅಂಗಳಕ್ಕೆ ಕೂಗುವಂಥದು. ಉತ್ತರ ಕೊಟ್ಟ ದನಿ ಒಂದು ಹುಡುಗಿಯದು. ಎರಡೂ ಅದೇ ಒಣಗಿದ ತುಟಿಗಳಿಂದ ಬರುತ್ತಿದ್ದವು.

ಬೆನೆಡಿಕ್ಟಾ ಬಾಗಿಲಲ್ಲೇ ನಿಂತಿದ್ದರು. "ಕೇಳ್ತಲ್ಲ?" ಎಂದರು ಮೆಲ್ಲಗೆ. "ಇಬ್ರು."

ಅದು ಯಾವ ಭಾಷೆಯಿರಬಹುದು ಎಂದು ಹೇಳಬಲ್ಲವರು ನೈರೋಬಿಯಲ್ಲಿ ಒಬ್ಬರೇ ಎಂದು ಬೆನೆಡಿಕ್ಟಾ ನನ್ನನ್ನು ಫಾದರ್ ಡೋನಲ್ ಬಳಿಗೆ ಕಳಿಸಿದರು. ಸಿಟಿ ಸೆಂಟರಿನ ಅಂಚಿನ ಒಂದು ಚರ್ಚಿನ ಹಿಂದಿನ ಮನೆಯಲ್ಲಿದ್ದ ಐರ್ಲೆಂಡಿನ ಮುದುಕ ಪಾದ್ರಿ ಅವರು. ಮಟಾಟು ಎಂಬ ಇಕ್ಕಟ್ಟಿನ ಮಿನಿಬಸ್ಸಿನಲ್ಲಿ ಮೊಣಕಾಲು ಮಡಿಸಿ ಕುಳಿತು ಅಲ್ಲಿಗೆ ಹೋದೆ. ಕೋಣೆಯಲ್ಲಿ ಸೀಮೆಎಣ್ಣೆ ಹೀಟರ್ ಉರಿಯುತ್ತಿತ್ತು. ಅವರಿಗೆ ಬಲಗಿವಿ ಪೂರ್ತಿ ಹೋಗಿತ್ತು, ಎಡಗಿವಿ ಅರ್ಧ. ನಾನು ಟೇಪಿನಲ್ಲಿ ಹಿಡಿದು ತಂದದ್ದನ್ನು ಹಾಕಿದೆ. ಅವರು ಟೇಪ್ ರೆಕಾರ್ಡರನ್ನು ಕಿವಿಗೆ ಒತ್ತಿಕೊಂಡರು, ತಲೆಯಾಡಿಸಿದರು.

"ಗುಜುಗುಜು ಅಷ್ಟೇ ಕೇಳ್ತಿದೆಯಮ್ಮ. ಆದರೆ ಅದರ ಲಯ ನನಗೆ ಗೊತ್ತು. ಅದು ಐರಿಶ್. ಪಶ್ಚಿಮದ ಸಮುದ್ರದ ಅಂಚಿನದು. ಕೊಲಂಬಾಗೆ ಐರಿಶ್ ಬರುತ್ತೆ ಅಂತ ನನಗೆ ಈವರೆಗೆ ಗೊತ್ತೇ ಇರಲಿಲ್ಲ. ಇಷ್ಟು ವರ್ಷದಲ್ಲಿ ನನ್ನ ಹತ್ತಿರ ಒಂದು ಪದ ಆಡಲಿಲ್ಲ."

ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಬೇರೆ ಯಾರಾದರೂ ಸಿಕ್ಕಾರೆಯೇ ಎಂದು ಕೇಳಿದೆ. ಅವರು ನಕ್ಕರು. ಊರಿನಲ್ಲಿರುವ ಐರಿಶ್ ಜನ ತಮ್ಮ ನಾಡಿನ ಹಬ್ಬದ ದಿನ ಹಸಿರು ಟೈ ಕಟ್ಟಿಕೊಳ್ಳುತ್ತಾರೆ, ಭಾಷೆ ಯಾರಿಗೂ ಬಾರದು ಎಂದರು. ಅವರೂ ಶಾಲೆಯಲ್ಲಿ ಬೆತ್ತದೇಟು ತಿಂದು ಕಲಿತು ಮರೆತವರೇ. ಪಾದ್ರಿಯಾದ ಮೇಲೆ, ದೊಡ್ಡ ವಯಸ್ಸಿನಲ್ಲಿ, ನಾಚಿಕೆಯಾಗಿ ಮತ್ತೆ ಕಲಿತಿದ್ದರು: ರಜೆಯಲ್ಲಿ ಕಡಲತೀರದ ಒಬ್ಬ ವಿಧವೆಯ ಮನೆಯಲ್ಲಿ ಉಳಿದುಕೊಂಡು. ಇಂಗ್ಲಿಷ್ ಮಾತಾಡಿದರೆ ಆಕೆ ಮುಂದಿನ ಊಟದ ತಟ್ಟೆಯನ್ನೇ ಎತ್ತಿಕೊಂಡುಬಿಡುತ್ತಿದ್ದಳಂತೆ.

"ನನಗೆ ಪದ ಗೊತ್ತು, ಕಿವಿಯಿಲ್ಲ" ಎಂದರು ಕೊನೆಗೆ. "ನಿನಗೆ ಕಿವಿಯಿದೆ, ಪದ ಗೊತ್ತಿಲ್ಲ. ಕಲಿತೀಯಾ?"

ನಾನು ಅಲ್ಲೇ ಒಪ್ಪಿಕೊಂಡೆ. ಕಟ್ಟಿಹಾಕಿದ್ದ ಆ ಕೈ ಕಣ್ಣಮುಂದೆ ಇತ್ತು.

ಕಲಿಯುವ ದಾರಿ ನಾವೇ ಹುಡುಕಿಕೊಂಡೆವು. ಅವರ ಕಪಾಟಿನಲ್ಲಿ ಬೆನ್ನು ಕಿತ್ತ ಒಂದು ವ್ಯಾಕರಣವಿತ್ತು, ತೇವಕ್ಕೆ ಅಂಟಿಕೊಂಡ ಕ್ಯಾಸೆಟ್ಟುಗಳಿದ್ದವು. ಕ್ಯಾಸೆಟ್ಟಿನಲ್ಲಿ ಒಬ್ಬ ಗಂಡಸು ಮತ್ತು ಹೆಂಗಸು ಹವಾಮಾನದ ಬಗ್ಗೆ ಎಂದೆಂದಿಗೂ ಮಾತಾಡುತ್ತಿದ್ದರು. ಐರಿಶ್ ಬರೆಯುವ ರೀತಿಗೂ ಓದುವ ರೀತಿಗೂ ಸಂಬಂಧವೇ ಇಲ್ಲ. ಅಕ್ಷರಗಳ ದೊಡ್ಡ ಮೆರವಣಿಗೆ ಹೊರಟು, ಬಾಯಿಗೆ ಬರುವುದು ಬರೀ 'ವಿಲ್' ಎಂಬಷ್ಟು. ಅದಕ್ಕೆ ನಾನು ಕೇಳಿದ್ದನ್ನೆಲ್ಲ ಕನ್ನಡದಲ್ಲಿ ಬರೆದುಕೊಳ್ಳತೊಡಗಿದೆ. ಸಿಸ್ಟರ್ ಕೊಲಂಬಾರ ಬಾಯಿಂದ ಹಾಳೆಗೆ, ಹಾಳೆಯಿಂದ ಫಾದರಿನ ಎಡಗಿವಿಗೆ. ನಾನು ಕೂಗಿ ಓದಿದರೆ ಅವರು ಕಣ್ಣು ಮುಚ್ಚಿ ಕೇಳಿ, ಅದನ್ನು ಒಡೆದು, ಅರ್ಥ ಹೇಳುತ್ತಿದ್ದರು.

ಆ ಭಾಷೆ ನನಗೆ ಇಂಗ್ಲಿಷಿಗಿಂತ ಹತ್ತಿರ ಎನ್ನಿಸಿದ್ದು ವಿಚಿತ್ರ. ಅವರಲ್ಲಿ ಹಸಿವು ಮನುಷ್ಯನ ಮೇಲೆ ಬರುತ್ತದೆ, ನಮ್ಮಲ್ಲಿ ನನಗೆ ಹಸಿವಾಗುತ್ತದೆ. 'ನಾನು ಹಸಿದಿದ್ದೇನೆ' ಎಂದು ಇಬ್ಬರೂ ಸುಮ್ಮನೆ ಹೇಳಿಕೊಳ್ಳುವುದಿಲ್ಲ. ಇಲ್ಲ ಎನ್ನುವುದಕ್ಕೆ 'ನೀಲ್', ನಮ್ಮ 'ಇಲ್ಲ'ದ ನೆಂಟನಂತೆ. ಮೊದಲ ಸಲ ಕೇಳಿದಾಗ ನಗು ಬಂತು. ಯಾರನ್ನಾದರೂ ಕರೆಯುವಾಗ ಹೆಸರಿನ ಮೊದಲ ಅಕ್ಷರ ಮೆತ್ತಗಾಗುತ್ತದೆ: 'ಮಾಮ' ಎಂಬ ಅಮ್ಮ, ಕರೆದರೆ 'ಅ ವಾಮ' ಆಗುತ್ತಾಳೆ. ಅದು ಗೊತ್ತಾದ ದಿನವೇ ನನ್ನ ಹಾಳೆಯ ಮೊದಲ ಸಾಲುಗಳು ತೆರೆದುಕೊಂಡವು.

"ಓದು" ಎಂದರು ಫಾದರ್.

"ಅನ್ ವಿಲ್ ಬ್ರೀಜ್ ಇಶ್ತೀ?"

"ಬ್ರೀಜ್ ಒಳಗಿದ್ದಾಳಾ? ಬ್ರೀಜ್ ಅನ್ನೋದು ಹುಡುಗಿಯ ಹೆಸರು. ಮುಂದೆ?"

"ನೀಲ್ ಇಸ್ ಅಗಮ್, ಅ ವಾಮ."

ಅವರು ಬಾಗಿ ಹೀಟರಿನ ಬತ್ತಿಯನ್ನು ತಗ್ಗಿಸಿದರು. "ಅದು ಉತ್ತರ. 'ನನಗೆ ಗೊತ್ತಿಲ್ಲ, ಅಮ್ಮ' ಅಂತ" ಎಂದರು.

ದಿನದಿನವೂ, ಬೆಳಕು ಇಳಿಯುವ ಹೊತ್ತಿಗೆ, ಬ್ರೀಜ್ ಒಳಗಿದ್ದಾಳಾ? ಗೊತ್ತಿಲ್ಲ, ಅಮ್ಮ. ಸಿಸ್ಟರ್ ಕೊಲಂಬಾರ ತಂಗಿಯೊಬ್ಬಳು ಎಲ್ಲೋ ಕಳೆದುಹೋಗಿರಬೇಕು, ಆ ದುಃಖ ಈಗ ಮೇಲೆ ಬಂದಿದೆ ಎಂದು ನಾವಿಬ್ಬರೂ ಅಂದುಕೊಂಡೆವು. ಮೆದುಳಿನ ಮೇಲಿನ ಪದರಗಳು ಹೋದರೆ ಬಾಲ್ಯದ್ದು ಉಳಿಯುವುದು ನನಗೆ ಹೊಸದೇನಲ್ಲ. ಆದರೆ ಪ್ರಶ್ನೆ ಬಂದಾಗ ಆ ಮುಖದಲ್ಲಿ ದುಃಖ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಭಯ. ಈಗಲೇ, ಇದೇ ನಿಮಿಷದಲ್ಲಿ ಏನೋ ನಡೆದುಹೋಗಲಿದೆ, ಅದನ್ನು ತಡೆಯಬೇಕು ಎಂಬಂತೆ ಕಟ್ಟಿದ ಕೈಯನ್ನು ಜಗ್ಗುತ್ತಿದ್ದರು.

ಜುಲೈ ಹೊತ್ತಿಗೆ ಮನೆಯಲ್ಲೂ ಆ ಭಾಷೆ ಹೊಕ್ಕಿತ್ತು. ಸಾರು ಕುದಿಸುತ್ತ ಕ್ಯಾಸೆಟ್ ಹಾಕುತ್ತಿದ್ದೆ. ರಂಗನಾಥರು, "ಏನೇ ಇದು, ಮನೇಲಿ ಕನ್ನಡ ಉಳಿಸಿಕೊಳ್ಳೋಕೇ ಆಗ್ತಿಲ್ಲ, ನೀನು ಇನ್ನೊಂದನ್ನ ಕರ್ಕೊಂಡು ಬಂದ್ಯಲ್ಲ" ಎಂದು ತಮಾಷೆ ಮಾಡುತ್ತಿದ್ದರು. ಒಂದು ಭಾನುವಾರ ಮಧ್ಯಾಹ್ನ ಸೋಫಾದಲ್ಲಿ ಹಾಗೇ ಕಣ್ಣು ಹತ್ತಿತ್ತು. ಎಚ್ಚರವಾದಾಗ ಚೈತ್ರಾ ನನ್ನ ಮುಂದೆ ನಿಂತಿದ್ದಳು. ಮುಖ ಬಿಳಿಚಿತ್ತು.

"ಅಮ್ಮಾ, ಹೂ ಈಸ್ ಬ್ರೀಜ್?"

"ಯಾಕೆ ಪುಟ್ಟಾ?"

"ಯೂ ವರ್ ಕಾಲಿಂಗ್ ಹರ್. ಇನ್ ಅ ಫನ್ನಿ ವಾಯ್ಸ್. ನಾಟ್ ಯುವರ್ ವಾಯ್ಸ್, ಅಮ್ಮ."

ರಂಗನಾಥರು ಪೇಪರ್ ಕೆಳಗಿಟ್ಟರು. ಈ ಸಲ ತಮಾಷೆ ಮಾಡಲಿಲ್ಲ. "ಇನ್ನು ಸಾಕು ಅಲ್ವೇನೇ? ಬೇರೆ ಯಾರನ್ನಾದ್ರೂ ನೋಡ್ಕೊಳ್ಳಲಿ" ಎಂದರು. ಬೇರೆ ಯಾರೂ ಇಲ್ಲ ಎಂದೆ. ಅದು ನಿಜವೂ ಆಗಿತ್ತು.

ಆ ವಾರ ಸಿಸ್ಟರ್ ಕೊಲಂಬಾ ನೀರನ್ನೂ ಬಿಟ್ಟರು. ಮೂಗಿಗೆ ಕೊಳವೆ ಹಾಕಬೇಕು, ಅದನ್ನು ಕಿತ್ತುಕೊಳ್ಳದಂತೆ ಕೈಯನ್ನು ಪೂರ್ತಿ ಬಿಗಿಯಬೇಕು ಎಂದು ಡಾಕ್ಟರು ಹೇಳಿಹೋದರು. ನಾನು ಫಾದರಿನ ಬಳಿಗೆ ಓಡಿದೆ.

"ಅವರು ಕಾಯ್ತಿರೋದು ಒಂದು ಉತ್ತರಕ್ಕೆ, ಫಾದರ್. ಹೌದು ಅಂತ ಹೇಳಿಬಿಡ್ತೀನಿ."

"ಹೌದು ಅನ್ನೋ ಪದವೇ ಐರಿಶಿನಲ್ಲಿಲ್ಲ" ಎಂದರು. "ತಲೆಯಾಡಿಸಿ ತಪ್ಪಿಸಿಕೊಳ್ಳೋ ಹಾಗಿಲ್ಲ. ಒಳಗಿದ್ದಾಳಾ ಅಂತ ಕೇಳಿದರೆ, ಇದ್ದಾಳೆ ಅನ್ನಬೇಕು, ಇಲ್ಲದಿದ್ದರೆ ಇಲ್ಲ ಅನ್ನಬೇಕು."

"ನಾವೂ ಹಾಗೇ ಅಲ್ವಾ ಹೇಳೋದು. ಇದ್ದಾಳೆ ಅಂತೀನಿ."

ಅವರು ನನ್ನ ಮಣಿಕಟ್ಟು ಹಿಡಿದರು. ಮುದುಕರ ಹಿಡಿತವಲ್ಲ ಅದು. "ಸುಳ್ಳು ಅಂತ ನಾನು ತಡೀತಿಲ್ಲ. ಆ ಸುಳ್ಳನ್ನ ದೇವರು ಕ್ಷಮಿಸ್ತಾನೆ. ಆದರೆ ಆ ವಿಧವೆಯ ಮನೆಯಲ್ಲಿದ್ದಾಗ ಆಕೆ ನನಗೆ ಒಂದು ವಿಷಯ ಹೇಳಿಕೊಟ್ಟಿದ್ದಳು. ಕತ್ತಲಾಗೋ ಹೊತ್ತಿಗೆ ಯಾರು ಕೇಳ್ತಿದ್ದಾರೆ ಅಂತ ತಿಳಿಯದೆ ಉತ್ತರ ಕೊಡಬಾರದು ಅಂತ. ಪ್ರಶ್ನೆ ಕೇಳ್ತಿರೋಳು ಕೊಲಂಬಾ ಅಂತ ನಿನಗೆ ಖಾತ್ರಿಯಿದೆಯಾ?"

ಖಾತ್ರಿಯಿರಲಿಲ್ಲ. ಆದರೂ ಮರುದಿನ ಹೋದೆ. ಹೇಳಬೇಕಾದ ಮೂರು ಪದಗಳನ್ನು ಮಟಾಟುವಿನಲ್ಲಿ ತುಟಿಯೊಳಗೇ ಹೇಳಿಕೊಳ್ಳುತ್ತ ಹೋದೆ.

ಅವತ್ತು ಕರೆಂಟ್ ಇರಲಿಲ್ಲ. ಬೆನೆಡಿಕ್ಟಾ ಒಂದು ಬಟ್ಟಲು ಊಜಿ ತಂದಿಟ್ಟರು, ನಮ್ಮ ರಾಗಿ ಗಂಜಿಯಂಥದು. ಕಿಟಕಿಯ ಹೊರಗೆ ಬೇಲಿ ಕಪ್ಪಾಗುತ್ತಿತ್ತು. ನಾನು ಸಿಸ್ಟರ್ ಕೊಲಂಬಾರ ಕೈಕಟ್ಟು ಬಿಚ್ಚಿದೆ. ಅವರ ತಲೆ ಬಾಗಿಲಿಗೆ ತಿರುಗಿತು. ಎಂದಿನಂತೆ ಆ ಗಟ್ಟಿ ದನಿ:

"ಅನ್ ವಿಲ್ ಬ್ರೀಜ್ ಇಶ್ತೀ?"

ಹುಡುಗಿಯ ಉತ್ತರ ಬರುವ ಮೊದಲೇ ನಾನು ಹೇಳಿದೆ. "ತಾ ಶೀ ಇಶ್ತೀ." ಇದ್ದಾಳೆ, ಒಳಗಿದ್ದಾಳೆ.

ಅಡುಗೆಮನೆಯ ಕಡೆಯ ಪಾತ್ರೆಯ ಸದ್ದು ನಿಂತಂತೆ ನನಗೆ ಅನ್ನಿಸಿತು. ಸಿಸ್ಟರ್ ಕೊಲಂಬಾ ಮೆಲ್ಲಗೆ ಮುಖ ತಿರುಗಿಸಿ ನನ್ನನ್ನು ನೋಡಿದರು. ಅಷ್ಟು ದಿನದಲ್ಲಿ ಅವರು ನನ್ನನ್ನು ನೇರವಾಗಿ ನೋಡಿದ್ದು ಅದೇ ಮೊದಲು. ಆ ಕಣ್ಣುಗಳು ಅವರದಾಗಿರಲಿಲ್ಲ. ವಯಸ್ಸಿನಲ್ಲಿ ನನಗಿಂತ ಚಿಕ್ಕ, ದಣಿದ, ಕೋಪ ಬಂದ ಒಬ್ಬ ತಾಯಿ ನನ್ನನ್ನು ನೋಡುತ್ತಿದ್ದಳು.

"ಕಾ ರೋ ತೂ, ಅ ವ್ರೀಜ್?"

ಎಲ್ಲಿದ್ದೆ ನೀನು, ಬ್ರೀಜ್? ಹೆಸರು ಮೆತ್ತಗಾಗಿತ್ತು, ನನ್ನನ್ನೇ ಕರೆಯುತ್ತಿದ್ದಳು. ಮೂರು ಪದಗಳ ಆಚೆಗೆ ನಾನು ಏನನ್ನೂ ಸಿದ್ಧಮಾಡಿಕೊಂಡು ಬಂದಿರಲಿಲ್ಲ. ಬಾಯಿ ತೆರೆದದ್ದು ಕ್ಷಮೆ ಕೇಳಲು. ಆದರೆ ಹೊರಬಂದದ್ದು ಬೇರೆ.

"ಎ ಬಾಂಚ್ ಬಾರ್ನ್ಯಖ್."

ಏನು ಹೇಳಿದೆ ಎಂದು ನನಗೇ ತಿಳಿಯಲಿಲ್ಲ. ನಾಲಿಗೆಯ ಮೇಲೆ ಉಪ್ಪಿನ ರುಚಿಯಿತ್ತು. ಬಾಗಿಲಲ್ಲಿದ್ದ ಬೆನೆಡಿಕ್ಟಾ, "ಯೇಸುವೇ" ಎಂದದ್ದು ಕೇಳಿಸಿತು.

ಆ ಮುಖದ ಕೋಪ ಕರಗಿತು. ಆಕೆ ಎಡಗೈ ಚಾಚಿ ನನ್ನ ಅಂಗೈಯನ್ನು ತೆರೆದು ನೋಡಿ, ಮೂಸಿ, ನಕ್ಕಳು. ಆಮೇಲೆ ಗದರುವಂತೆ, ಆದರೆ ಪ್ರೀತಿಯಿಂದ ಒಂದು ಮಾತು ಹೇಳಿದಳು. ಅದು ಕ್ಯಾಸೆಟ್ಟಿನಲ್ಲಿ ನಾನು ಕಲಿತಿದ್ದ ಮಾತೇ: ಕೂತ್ಕೋ, ಊಟ ಮಾಡು. ನಾನು ಚಮಚ ಎತ್ತಿ ಊಜಿಯನ್ನು ಅವರ ಬಾಯಿಗೆ ಹಿಡಿದೆ. ನುಂಗಿದರು. ಬಟ್ಟಲು ಖಾಲಿಯಾಗುವ ಹೊತ್ತಿಗೆ ಅಲ್ಲಿದ್ದದ್ದು ಬರೀ ಸಿಸ್ಟರ್ ಕೊಲಂಬಾ. ಅರೆಗಣ್ಣು ಮುಚ್ಚಿದ, ಗಲ್ಲಕ್ಕೆ ಗಂಜಿ ಮೆತ್ತಿಕೊಂಡ ಒಬ್ಬ ಅಜ್ಜಿ.

ಫಾದರ್ ಡೋನಲ್‌ಗೆ ನಾನು ಆ ಮಾತನ್ನು ಎಡಗಿವಿಯಲ್ಲಿ ಹೇಳಿದಾಗ ಅವರು ಎರಡು ಸಲ ಕೇಳಿಸಿಕೊಂಡರು. ಎದ್ದು ನಿಘಂಟು ತೆಗೆದು ಪುಟ ತಿರುಗಿಸಿ, ಬೆರಳಿಟ್ಟು ನಿಂತರು.

"ಬಾರ್ನ್ಯಖ್ ಅಂದರೆ ಬಂಡೆಗೆ ಅಂಟಿಕೊಂಡಿರುತ್ತಲ್ಲ, ಅಂಥ ಒಂದು ಚಿಪ್ಪು. ಬಡವರು ಸಮುದ್ರ ಇಳಿದಾಗ ಅದನ್ನ ಕಿತ್ತು ತಂದು ಬೇಯಿಸಿ ತಿಂತಿದ್ದರು. ಚಿಪ್ಪು ಕೀಳ್ತಿದ್ದೆ, ಅಂತ ಹೇಳಿದ್ದೀಯ. ಇದನ್ನ ನಿನಗೆ ಯಾರು ಕಲಿಸಿದ್ದು?"

"ನೀವೇ ಇರಬೇಕು, ಫಾದರ್. ಅಥವಾ ಸಿಸ್ಟರ್ ಯಾವಾಗಲಾದರೂ ಹೇಳಿರಬೇಕು."

"ನನಗೇ ಗೊತ್ತಿರಲಿಲ್ಲವಲ್ಲಮ್ಮ."

ನನ್ನ ಟೇಪುಗಳನ್ನೆಲ್ಲ ಮತ್ತೆ ಕೇಳಿದೆ, ಹಾಳೆಗಳನ್ನೆಲ್ಲ ತಿರುವಿದೆ, ಹವಾಮಾನದ ಆ ಗಂಡ ಹೆಂಡಿರ ಮಾತನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದೆ. ಎಲ್ಲೂ ಇರಲಿಲ್ಲ. ನಾನು ಅದುವರೆಗೆ ಅಂಥ ಚಿಪ್ಪನ್ನು ಕಣ್ಣಾರೆ ಕಂಡವಳೂ ಅಲ್ಲ.

ಆ ಸಂಜೆಯ ನಂತರ ಪ್ರಶ್ನೆ ಬರಲಿಲ್ಲ. ಕೊಳವೆ ಬೇಕಾಗಲಿಲ್ಲ. ಕೈಕಟ್ಟಿನ ಬಟ್ಟೆಯನ್ನು ಬೆನೆಡಿಕ್ಟಾ ಒಗೆದು ಮಡಿಸಿಟ್ಟರು. ಸಿಸ್ಟರ್ ಕೊಲಂಬಾ ತಮ್ಮದೇ ದನಿಯಲ್ಲಿ, ಐರಿಶಿನಲ್ಲೇ, ಅಲ್ಲೊಂದು ಇಲ್ಲೊಂದು ಪದ ಕೂಡಿಸಿ ಮಾತಾಡತೊಡಗಿದರು. ಸಮುದ್ರ, ಕತ್ತೆ, ಗೋಡೆ, ಮಳೆ. ನಾನು ಪಕ್ಕದಲ್ಲಿ ಕುಳಿತು, ತಡವರಿಸುತ್ತ ಉತ್ತರ ಕೊಡುತ್ತಿದ್ದೆ. ತಪ್ಪಿದರೆ ತಿದ್ದುತ್ತಿದ್ದರು. ಮಾತು ಹೋದವರಿಗೆ ಮಾತು ಕಲಿಸಲು ಹೋದವಳಿಗೆ ಅವರೇ ಮಾತು ಕಲಿಸುತ್ತಿದ್ದರು. ಒಳ್ಳೆಯ ದಿನಗಳವು. ಮನೆಗೆ ಹೋಗಿ ಚೈತ್ರಾಳಿಗೆ ಹೊಸ ಪದ ಹೇಳಿದರೆ ಅವಳು ಈಗ ಹೆದರುತ್ತಿರಲಿಲ್ಲ, "ಕನ್ನಡದಲ್ಲಿ ಏನಮ್ಮ ಅದಕ್ಕೆ?" ಎಂದು ಒಂದು ದಿನ ಕನ್ನಡದಲ್ಲೇ ಕೇಳಿದಳು.

ಆಗಸ್ಟ್ ನಡುವಿನಲ್ಲಿ ಒಂದು ಮಧ್ಯಾಹ್ನ ನಾನು ಧೈರ್ಯ ಮಾಡಿ ಕೇಳಿದೆ. ಬ್ರೀಜ್ ಯಾರು, ಸಿಸ್ಟರ್?

ಅವರು ಎಡಗೈಯನ್ನು ಎದೆಯ ಮೇಲಿಟ್ಟುಕೊಂಡರು. "ಮಿಶೆ ಬ್ರೀಜ್."

ನಾನೇ ಬ್ರೀಜ್. ಕೊಲಂಬಾ ಎನ್ನುವುದು ಸನ್ಯಾಸ ಕೊಟ್ಟಾಗ ಇಟ್ಟ ಹೆಸರು.

ಆಮೇಲೆ ಹೇಳಿದರು. ಒಂದೇ ದಿನದಲ್ಲಲ್ಲ, ತುಂಡುತುಂಡಾಗಿ, ವಾರವಿಡೀ. ಪಶ್ಚಿಮದ ಕಡಲಿನ ಒಂದು ದ್ವೀಪದಲ್ಲಿ ಅವರದು ಕಲ್ಲಿನ ಮನೆ. ಅಪ್ಪ ಮೀನು ಹಿಡಿಯಲು ಹೋದವನು ದೂರದಲ್ಲೆಲ್ಲೋ ಇದ್ದ. ಅಮ್ಮ ಪುಟ್ಟ ಬ್ರೀಜಳನ್ನು ಚಿಪ್ಪು ಕೀಳಲು ತಗಡಿನ ಡಬ್ಬ ಕೊಟ್ಟು ಕಳಿಸಿದ್ದಳು. ಅಲೆ ಬಂದು ಡಬ್ಬ ಹೋಯಿತು. ಮನೆಯಲ್ಲಿದ್ದದ್ದು ಅದೊಂದೇ ಡಬ್ಬ. ಬೈಸಿಕೊಳ್ಳಬೇಕಲ್ಲ ಎಂದು ಹೆದರಿ ಮನೆಯ ಹಿಂದಿನ ಗೋಡೆಗೆ ಒತ್ತಿಕೊಂಡು ಅಡಗಿ ಕುಳಿತಳು. ಕತ್ತಲಾಗುತ್ತಿತ್ತು. ಒಳಗಿನಿಂದ ಅಮ್ಮನ ದನಿ ಕೇಳಿಸಿತು: ಬ್ರೀಜ್ ಒಳಗಿದ್ದಾಳಾ? ಅಕ್ಕ ಹೇಳಿದಳು: ಗೊತ್ತಿಲ್ಲ, ಅಮ್ಮ. ಮತ್ತೆ ಕೇಳಿದಳು. ಅಕ್ಕ ಮತ್ತೆ ಅದನ್ನೇ ಹೇಳಿದಳು. ಗೋಡೆಯ ಈಚೆಗೆ ಬ್ರೀಜ್ ಎಲ್ಲವನ್ನೂ ಕೇಳುತ್ತ ಉಸಿರು ಹಿಡಿದು ಕುಳಿತಿದ್ದಳು. ಬಾಗಿಲ ಸದ್ದಾಯಿತು. ಅಮ್ಮ ಶಾಲು ಹೊದ್ದು ಅವಳನ್ನು ಹುಡುಕಿಕೊಂಡು ಬಂಡೆಗಳ ಕಡೆಗೆ ಇಳಿದುಹೋದಳು. ಅಷ್ಟರಲ್ಲಿ ಸಮುದ್ರದ ಉಬ್ಬರ ಏರತೊಡಗಿತ್ತು. ಅಮ್ಮ ಮರಳಿ ಬರಲಿಲ್ಲ.

ಆ ಸಂಜೆ ಅವಳ ಬಾಯಿಂದ ಬರದೆ ಉಳಿದದ್ದು ಒಂದೇ ಮಾತು. ಆಗ ಯಾರಾದರೂ 'ಒಳಗಿದ್ದಾಳೆ' ಎಂದಿದ್ದರೆ ಆ ತಾಯಿ ಬಾಗಿಲು ದಾಟುತ್ತಿರಲಿಲ್ಲ. ಅದನ್ನು ಹೇಳಿದ್ದು ನಾನು, ಇಷ್ಟು ವರ್ಷಗಳಾದ ಮೇಲೆ, ನೈರೋಬಿಯ ಒಂದು ಕೋಣೆಯಲ್ಲಿ, ನನ್ನದಲ್ಲದ ಭಾಷೆಯಲ್ಲಿ. ನಾನು ಅವರ ಕೈ ಹಿಡಿದು ಅತ್ತೆ. ಅವರು ಅಳಲಿಲ್ಲ. ಡಬ್ಬದ ವಿಷಯ ಅಮ್ಮನಿಗೆ ಈಗ ಗೊತ್ತಾಯಿತು, ಬೈಯಲಿಲ್ಲ ಎಂದರು, ನಿನ್ನೆ ನಡೆದದ್ದನ್ನು ಹೇಳುವಂತೆ.

ಆ ತಿಂಗಳ ಕೊನೆಯಲ್ಲಿ ಬಿಸಿಲು ಬಂದ ಮೊದಲ ದಿನ, ಊಟವಾದ ಮೇಲೆ, ನಿದ್ದೆಯಲ್ಲೇ ಹೋಗಿಬಿಟ್ಟರು. ಬೆನೆಡಿಕ್ಟಾ ಫೋನಿನಲ್ಲಿ, "ಒಳ್ಳೆ ಸಾವು ಮಾರಾಯ್ರೆ, ನಗ್ತಾ ಇದ್ರು" ಎಂದು ಅತ್ತರು.

ಫಾದರ್ ಡೋನಲ್ ಸಮಾಧಿಯ ಮುಂದಿನ ಜಪಮಾಲೆ ಪ್ರಾರ್ಥನೆಯನ್ನು ಐರಿಶಿನಲ್ಲೇ ಹೇಳುವುದೆಂದು ಹಟ ಹಿಡಿದರು. ಅದರಲ್ಲಿ ಅರ್ಧ ಪ್ರಾರ್ಥನೆಯನ್ನು ಪಾದ್ರಿ ಹೇಳಿದರೆ ಉಳಿದರ್ಧವನ್ನು ಜನ ಹೇಳಬೇಕು. ಹೇಳುವವರು ಯಾರೂ ಇರಲಿಲ್ಲ. "ಅರ್ಧಕ್ಕೆ ನಿಂತರೆ ಪ್ರಾರ್ಥನೆಯಾಗೋದಿಲ್ಲ, ನೀನೇ ಹೇಳಬೇಕು" ಎಂದರು. ನಾನು ಹಿಂದೂ ಎಂದೆ. "ಅದನ್ನ ನಾನು ಮೇಲಿರೋ ಅವನಿಗೆ ವಿವರಿಸಿ ಹೇಳ್ತೀನಿ" ಎಂದರು. ಒಂದು ಬೆಳಿಗ್ಗೆ ಕುಳಿತು ಆ ಸಾಲನ್ನು ಬಾಯಿಪಾಠ ಮಾಡಿಸಿದರು.

ಸ್ಮಶಾನದಲ್ಲಿ ಮತ್ತೆ ಮೋಡ ಕವಿದಿತ್ತು. ಗುಂಡಿಯ ಆಚೆ ಬದಿಗೆ ಬೆನೆಡಿಕ್ಟಾ ಮತ್ತು ಉಳಿದ ಸಿಸ್ಟರುಗಳು ತಲೆ ತಗ್ಗಿಸಿ ಸಾಲಾಗಿ ನಿಂತಿದ್ದರು. ಈಚೆ ಬದಿಗೆ ಫಾದರ್ ಡೋನಲ್, ಎರಡು ಹೆಜ್ಜೆ ಹಿಂದೆ ನಾನು. ನನ್ನ ಬಳಿ ಬೇರೆ ಯಾರೂ ಇರಲಿಲ್ಲ. ಫಾದರ್ ತಮ್ಮ ಅರ್ಧ ಹೇಳಿ ನಿಲ್ಲುತ್ತಿದ್ದರು, ನಾನು ನನ್ನದನ್ನು ಹೇಳುತ್ತಿದ್ದೆ. ತಪ್ಪೀತೆಂದು ದನಿ ತಗ್ಗಿಸಿಯೇ ಹೇಳುತ್ತಿದ್ದೆ. ನಡುವಿನಲ್ಲಿ ಎರಡು ಸಲ ಸಾಲು ತಪ್ಪಿ ಸುಮ್ಮನೆ ನಿಂತುಬಿಟ್ಟೆ. ಆದರೂ ಫಾದರ್ ಏನೂ ಆಗದಂತೆ, ಸರಿಯಾದ ಹೊತ್ತು ಬಿಟ್ಟು, ಮುಂದಿನದನ್ನು ಎತ್ತಿಕೊಂಡರು.

ಎಲ್ಲ ಮುಗಿದು ಮಣ್ಣು ಹಾಕಿದ ಮೇಲೆ ಅವರು ಕನ್ನಡಕ ಒರೆಸಿಕೊಳ್ಳುತ್ತ ನನ್ನ ಕಡೆ ಬಂದರು.

"ಚೆನ್ನಾಗಾಯ್ತು" ಎಂದರು. "ನಿನ್ನ ದನಿ ನನಗೆ ಅಷ್ಟಾಗಿ ಕೇಳಿಸಲಿಲ್ಲ, ಬೇಜಾರು ಮಾಡ್ಕೋಬೇಡ. ಆದರೆ ಆ ಹುಡುಗಿಯದು ಒಂದೊಂದು ಅಕ್ಷರವೂ ಕೇಳಿಸ್ತು. ನೀನು ನಿಲ್ಲಿಸಿದಾಗಲೂ ಬಿಡದೆ ಹೇಳಿದಳು. ಅಪ್ಪಟ ದ್ವೀಪದ ಉಚ್ಚಾರ. ಇಲ್ಲಿ ಅಂಥವರು ಇದ್ದಾರೆ ಅಂತ ನನಗೆ ಯಾರೂ ಹೇಳಲೇ ಇಲ್ಲವಲ್ಲ! ಎಲ್ಲಿ ಹೋದಳು ಅವಳು?"

ಅವರು ನನ್ನ ಭುಜದಾಚೆಗೆ ಹುಡುಕುತ್ತಿದ್ದರು. ಅಲ್ಲಿ ಒದ್ದೆ ಹುಲ್ಲು, ಸಲಿಕೆ ಊರಿಕೊಂಡು ನಿಂತ ಇಬ್ಬರು ಕೆಲಸದವರು, ಅಷ್ಟೇ.

"ಮನೆಗೆ ಹೋದಳು, ಫಾದರ್" ಎಂದೆ.

"ಒಳ್ಳೆಯದಾಯ್ತು, ಮಳೆ ಬರೋ ಹಾಗಿದೆ" ಎಂದು ಅವರು ನನ್ನ ತೋಳು ಹಿಡಿದುಕೊಂಡರು. ಕೆಸರಿನಲ್ಲಿ ಜಾರದಂತೆ ಇಬ್ಬರೂ ಮೆಲ್ಲಗೆ ಕಾರಿನ ಕಡೆಗೆ ನಡೆದೆವು.